ಉಳಿಸಿದವರ ಮನೆಗೆ ಬಂದ ಜಪ್ತಿ

ತಾಲೂಕಿನ ಆಹಾರ ಸರಬರಾಜು ಸಾಹೇಬರಿಗೆ,

ಮಾನ್ಯರೇ, ಬೇಸಿಗೆಯುದ್ದಕ್ಕೂ ನಾನು ಉಳಿಸಿಟ್ಟಿದ್ದ ಸೀಮೆಎಣ್ಣೆಯ ಡಬ್ಬಿಯನ್ನು ತಾವು ನಮ್ಮ ಮನೆಯಿಂದ ಜೀಪಿನಲ್ಲಿ ಹಾಕಿಕೊಂಡು ಹೋಗಿದ್ದೀರಿ. ಅದನ್ನು ತಿರುಗಿ ಕೊಡಿ. ಕಚೇರಿಗೆ ಬಂದು ಕೇಳಿದೆ. "ಸಾಹೇಬ್ರು ಉಳಿತಾಯದ ಸಭಾಕ್ಕ ಹೋಗ್ಯಾರ್ರಿ" ಎಂದರು. ಆದ್ದರಿಂದ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ.

ವೈಶಾಖದಲ್ಲಿ ತಾವು ನಮ್ಮೂರ ಮಹಿಳಾ ಮಂಡಳಕ್ಕೆ ಬಂದು ಋತುಮಾನಕ್ಕೆ ತಕ್ಕಂತೆ ಮನೆಖರ್ಚು ಉಳಿಸುವುದು ಹೇಗೆಂದು ಉಪದೇಶ ಮಾಡಿದಿರಿ. ಬೇಸಿಗೆಯಲ್ಲಿ ಫ್ಯಾನು ಕಡಿಮೆ ತಿರುಗಿಸಿ ಎಂದಿರಿ. ಆ ಸಭೆಯಲ್ಲಿದ್ದ ಒಂದೇ ಫ್ಯಾನು ತಮ್ಮ ಕಡೆಗೇ ಮುಖ ಮಾಡಿ ತಿರುಗುತ್ತಿತ್ತು. ಹನಿ ಹನಿ ಕೂಡಿದರೆ ಹಳ್ಳ ಎಂದಿರಿ. ಅಷ್ಟು ಹೊತ್ತೂ ಹೊರಗೆ ತಮ್ಮ ಜೀಪಿನ ಇಂಜಿನ್ ಗುರುಗುಡುತ್ತಲೇ ಇತ್ತು. ಯಾಕಪ್ಪಾ ಎಂದು ಕೇಳಿದರೆ ಡ್ರೈವರ್, "ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ರಿ ಅಕ್ಕಾರ" ಎಂದ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಹಾಗಾಯಿತು. ನಮ್ಮ ಮನೆಯಲ್ಲಂತೂ ಚಾತುರ್ಮಾಸದಲ್ಲಿ ಬದನೆಕಾಯಿಯನ್ನೂ ತರುವುದಿಲ್ಲ.

ಈ ಮಾತನ್ನು ಸುಮ್ಮನೆ ಎತ್ತಲಿಲ್ಲ. ನಾವು ಜೈನರು. ಹೊತ್ತು ಮುಳುಗುವ ಮೊದಲು ಉಂಡು ಒಲೆ ಆರಿಸುವವರು. ಮಳೆ ಹಿಡಿಯಿತೆಂದರೆ ಕಟ್ಟಿಗೆಯಲ್ಲಿ, ಕುಳ್ಳಿನಲ್ಲಿ ಹುಳ ಸೇರುತ್ತವೆ. ನಮ್ಮ ಅತ್ತೆ ಗಂಗೂಬಾಯಿಯವರು ಚಾತುರ್ಮಾಸದ ನಾಲ್ಕು ತಿಂಗಳು ಅವುಗಳನ್ನು ಉರಿಸಗೊಡುವುದಿಲ್ಲ. ದಿನಕ್ಕೆ ಒಂದೇ ಹೊತ್ತು ಊಟ, ಅದರ ಜೊತೆಗೆ ಅಂದೇ ಕುದಿಸಿದ ನೀರು, ತಣ್ಣೀರು ಮುಟ್ಟುವುದಿಲ್ಲ. ಆ ನೀರು ಕುದಿಯಬೇಕಾದರೆ ಸ್ಟೋವ್ ಹೊತ್ತಬೇಕು. ಅದಕ್ಕೇ ನಾನು ಬೇಸಿಗೆಯಲ್ಲಿ ಒಣಗಿದ ಹತ್ತಿಕಟ್ಟಿಗೆ, ಕಬ್ಬಿನ ಒಣಗರಿಯ ರವದಿ ಉರಿಸಿ, ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು, ರೇಷನ್ನಿನ ಎಣ್ಣೆಯನ್ನು ಹಾಗೇ ಎತ್ತಿಡುತ್ತೇನೆ. ಋತುಮಾನದ ಉಳಿತಾಯವೆಂದರೆ ನಮಗೆ ತಿಳಿದದ್ದು ಇಷ್ಟು, ಸಾಹೇಬರೇ. ಯಾರೂ ಭಾಷಣ ಮಾಡಿ ಕಲಿಸಿದ್ದಲ್ಲ.

ಭಾಷಣ ಮುಗಿದ ಮೇಲೆ ಅತ್ತೆಯವರು ತಮ್ಮನ್ನು ಮನೆಗೆ ಕರೆದರು. ಮಜ್ಜಿಗೆ ಕೊಟ್ಟರು. ಅಷ್ಟಕ್ಕೇ ಬಿಡಬಾರದಿತ್ತೇ? ಸೊಸೆಯ ಜಾಣತನ ಸಾಹೇಬರ ಕಣ್ಣಿಗೆ ಬೀಳಲಿ ಎಂದು ಅಡಿಗೆಮನೆಯ ಮೂಲೆಯಿಂದ ಡಬ್ಬಿಯನ್ನು ಎಳೆಸಿ ತೋರಿಸಿದರು. "ನೋಡ್ರಿ ಸಾಹೇಬ್ರ, ನೀವು ಇವತ್ತ ಹೇಳಿದ್ರಿ, ನಮ್ಮ ಸೊಸಿ ಮೊದಲ ಮಾಡ್ಯಾಳ" ಎಂದರು. ತಾವು ಮುಚ್ಚಳ ತೆಗೆದು ನೋಡಿ, ಮಜ್ಜಿಗೆಯ ಮೀಸೆ ಒರೆಸಿಕೊಂಡು, "ಬಳಸದ ಎಣ್ಣೆ ಎಂದರೆ ಬೇಡದ ಎಣ್ಣೆ. ಇದು ಅಕ್ರಮ ದಾಸ್ತಾನು" ಎಂದಿರಿ. "ಬ್ಯಾಡದ್ದಲ್ರಿ, ಅದು ಮಳಿಗಾಲದ್ದರಿ" ಎಂದು ಅತ್ತೆಯವರು ಹೇಳುತ್ತಲೇ ಇದ್ದರು. ಡಬ್ಬಿ ಜೀಪು ಹತ್ತಿತು. ನಮ್ಮ ಕಾರ್ಡಿನ ಪಾಲೂ ಅರ್ಧಕ್ಕಿಳಿಯಿತು.

ಒಂದು ಮಾತು ಕೇಳುತ್ತೇನೆ. ನೆಲದೊಳಗಿನ ಹಗೇವಿನಲ್ಲಿ ಜೋಳ ಇಟ್ಟವನಿಗೆ ಹಸಿವೇ ಇಲ್ಲವೆಂದು ಬರೆದುಕೊಳ್ಳುತ್ತೀರಾ? ಬೇಸಿಗೆಯಲ್ಲಿ ಮೂಲೆ ಹಿಡಿದಿದೆಯೆಂದು ತಮ್ಮ ಛತ್ರಿಯನ್ನು ಯಾರಾದರೂ ಜಪ್ತಿ ಮಾಡಿದ್ದಾರೆಯೇ? ಬಂದ ಎಣ್ಣೆಯನ್ನು ಬಂದ ದಿನವೇ ಹೆಚ್ಚಿನ ದರಕ್ಕೆ ಮಾರಿಕೊಂಡವರ ಮನೆಯಲ್ಲಿ ತಮಗೆ ಯಾವ ದಾಸ್ತಾನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ನಮ್ಮ ಪಕ್ಕದ ಮನೆಯ ಸಕ್ಕುಬಾಯಿ ಇದನ್ನು ನನಗಿಂತ ಚೆನ್ನಾಗಿ ಹೇಳಿದಳು: "ಸುಗಂಧಾ, ಉಳಿಸಿದಾಕಿ ಕಳ್ಳಿ ಆದಿ, ಮಾರ್ಕೊಂಡಾಕಿ ಗರತಿ ಆದಳು ನೋಡ ಬೇ."

ಈಗ ಚಾತುರ್ಮಾಸ ಹಿಡಿದಿದೆ. ಕೃಷ್ಣೆ ತುಂಬಿ ಲಾರಿ ಬರುವ ದಾರಿ ಕಟ್ಟಿದೆ, ಆ ಅರ್ಧ ಪಾಲೂ ರೇಷನ್ ಅಂಗಡಿಗೆ ಬಂದಿಲ್ಲ. ಸಕ್ಕುಬಾಯಿ ತನ್ನ ಚಿಮಣಿಯ ಎಣ್ಣೆಯನ್ನೇ ಬಗ್ಗಿಸಿ ತಂದುಕೊಟ್ಟಳು. ಅವಳ ಮನೆ ಕತ್ತಲಾಗಿದೆಯೆಂದು ತಿಳಿದ ದಿನ ಅತ್ತೆಯವರು ಅದನ್ನೂ ಬೇಡವೆಂದರು. ಮೊನ್ನೆ ನಾನು ಕದ್ದು ಕುಳ್ಳು ಹಚ್ಚಲು ಹೋದೆ. ಅವರು ಎದ್ದು ಬಂದು ಕುಳ್ಳನ್ನು ಮುರಿದು, ಒಳಗೆ ಹರಿದಾಡುವ ಹುಳಗಳನ್ನು ತೋರಿಸಿದರು. "ನನ್ನ ಒಂದ ತಂಬಿಗಿ ನೀರಿಗೆ ಇವನ್ಯಾಕ ಸುಡತಿ?" ಎಂದರು. ಅಂದು ನೀರಿಲ್ಲದೆ ಊಟಕ್ಕೂ ಕೂರಲಿಲ್ಲ. ನಿನ್ನೆಯೂ ಕೂರಲಿಲ್ಲ. ಎಪ್ಪತ್ತು ದಾಟಿದ ಜೀವ, ಗೋಡೆಗೆ ಒರಗಿ ಕುಳಿತುಬಿಟ್ಟಿದೆ. ನನಗೆ ಸಿಟ್ಟು ಬಂದಿದೆ ಸಾಹೇಬರೇ, ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಬಂದಿದೆ.

ಆದಕಾರಣ ಡಬ್ಬಿಯನ್ನು ಕೂಡಲೇ ಕಳಿಸಿ, ಪಾಲನ್ನು ಮೊದಲಿನಂತೆ ಮಾಡಿ. ಆಗದಿದ್ದರೆ ತಾವೇ ಬಂದು ಅವರ ಎದುರು ಕುಳಿತು, ವ್ರತ ಬಿಡಿ ಎಂದು ಹೇಳಿ. ಆ ಮಾತು ನನ್ನ ಬಾಯಿಂದ ಬರುವುದಿಲ್ಲ. ಬರುವುದಾದರೆ ಹೊತ್ತು ಮುಳುಗುವ ಮೊದಲೇ ಬನ್ನಿ. ತಡವಾಗಿ ಬಂದರೆ, ತಾವು ತಂದ ಎಣ್ಣೆಯಲ್ಲಿ ಕುದಿಸಿದ ನೀರನ್ನೂ ಅವರು ಮುಟ್ಟುವುದಿಲ್ಲ. ಅದನ್ನೂ ತಾವು ಉಳಿತಾಯವೆಂದೇ ಬರೆದುಕೊಂಡೀರಿ.

ಇಂತಿ,
ತಮ್ಮ ಭಾಷಣಕ್ಕೆ ಚಪ್ಪಾಳೆಯನ್ನೂ ತಟ್ಟಿದ್ದ,
ಸುಗಂಧಾ ಧನಪಾಲ
ಕೃಷ್ಣಾ ದಂಡೆಯ ಒಂದು ಹಳ್ಳಿ, ಶ್ರಾವಣ, 1987