ನಿಮ್ಮಮ್ಮನ ಕರಿ ಟೋಪಿ

ವಿಸ್ಕಾನ್ಸಿನ್
ಮೇ 12, 1877

ಪ್ರೀತಿಯ ಅಲ್ಮೈರಾ,

ನೀನು ಆರೆಗಾನ್‌ನಿಂದ ಬರೆದ ಮೂರು ಪತ್ರಗಳಿಗೂ ಉತ್ತರಿಸದ ಅಪರಾಧವನ್ನು ಡೊರಿಂಡಾ ಪೆಕ್ ಎಂಬ ಪ್ರತಿವಾದಿ ಈ ಮೂಲಕ ಒಪ್ಪಿಕೊಳ್ಳುತ್ತಾಳೆ. ನೆಪಗಳು: ಒಂದು, ನೆಗಡಿ. ಎರಡು, ಪರೀಕ್ಷೆ. ಮೂರನೆಯದಕ್ಕೆ ಪ್ರತಿವಾದಿ ಸದ್ಯ ಬಾಯಿ ಬಿಡುತ್ತಿಲ್ಲ.

ಹೆಂಗಸರೂ ವಕೀಲಿ ಮಾಡಬಹುದೆಂದು ಕೊನೆಗೂ ಕಾನೂನು ಬಂತು, ನಿಮ್ಮಮ್ಮ ತೀರಿಕೊಂಡ ಎರಡೇ ತಿಂಗಳಿಗೆ. ಸನ್ನದಿಲ್ಲದೆಯೇ ಅವರು ನಡೆಸುತ್ತಿದ್ದ ಕಾನೂನು ಕಚೇರಿಯಲ್ಲಿ ನಾಲ್ಕು ವರ್ಷ ನಕಲು ಬರೆದು ಕಲಿತದ್ದಕ್ಕೆ ನಾನು ಪರೀಕ್ಷೆಯಲ್ಲಿ ಪಾಸಾದೆ. ಆದರೆ ಕಾನೂನಿಗಿಂತ ಕಷ್ಟದ ಪ್ರಶ್ನೆ ನನ್ನ ತಲೆಯ ಮೇಲಿತ್ತು.

"ವಕೀಲರು ಕೋರ್ಟಲ್ಲಿ ಟೋಪಿ ತೆಗೀಬೇಕಮ್ಮ," ಎಂದರು ನ್ಯಾಯಾಧೀಶ ಫೆಲ್ಪ್ಸ್.

"ಮರ್ಯಾದಸ್ಥ ಹೆಂಗಸ್ರು ನಾಲ್ಕು ಜನರ ಎದುರು ಟೋಪಿ ತೆಗೆಯೋ ಹಾಗಿಲ್ಲ ಸ್ವಾಮಿ," ಎಂದ ಗುಮಾಸ್ತ ಟಿಬಟ್ಸ್.

"ಹಾಗಾದ್ರೆ ಈಕೆ ವಕೀಲಳೋ, ಹೆಂಗಸೋ?"

"ಎರಡಕ್ಕೂ ಇರೋದು ಒಂದೇ ತಲೆ ಸ್ವಾಮಿ," ಎಂದೆ ನಾನು. "ತಾವು ತೀರ್ಮಾನಿಸೋ ತನಕ ಎಲ್ಲಿಗೂ ಹೋಗಲ್ಲ ಅದು."

ಅರ್ಧ ಗಂಟೆಯ ಗಂಭೀರ ಸಮಾಲೋಚನೆಯ ನಂತರ ಟೋಪಿ ಗೆದ್ದಿತು. ಇನ್ನು ವಕೀಲರ ಪಟ್ಟಿಯಲ್ಲಿ ಸಹಿ ಹಾಕುವುದೊಂದೇ ಬಾಕಿ. ಜೂನ್ ಕೊನೆಯವರೆಗೆ ಸಮಯವಿದೆ. ಎರಡು ಸಲ ಹೋದೆ, ಎರಡು ಸಲವೂ ಪೆನ್ನು ಹಿಡಿದು ಹಾಗೇ ಇಟ್ಟುಬಂದೆ.

ಟೋಪಿ ನಿಮ್ಮಮ್ಮನದು. ಎಷ್ಟು ಗಾಳಿಗಿಟ್ಟರೂ ಅವರ ಕರ್ಪೂರದ ವಾಸನೆ ಬಿಟ್ಟಿಲ್ಲ. ನಾನು ನಕಲು ಬರೆಯುವಾಗ ಅವರು ಹಿಂದೆ ನಿಂತು ಕೆಮ್ಮಿ, "ಒಂದು ಸಾಲು ಬಿಟ್ಟೆ, ಡೊರಿ," ಅನ್ನುತ್ತಿದ್ದರಲ್ಲ? ಈಗಲೂ ಕೆಮ್ಮು ಕೇಳುತ್ತದೆ. ತಿರುಗಿದರೆ ಖಾಲಿ ಕುರ್ಚಿ. ಹಾಳೆ ನೋಡಿದರೆ ನಿಜವಾಗಿಯೂ ಒಂದು ಸಾಲು ಬಿಟ್ಟಿರುತ್ತೇನೆ.

ಪ್ರತಿ ಪತ್ರದಲ್ಲೂ ನಿನ್ನದು ಒಂದೇ ಮಾತು: "ಅಮ್ಮನಿಗೆ ಕೋರ್ಟಿನ ಹೆಸರಲ್ಲಿ ಆ ಸುಳ್ಳು ಆದೇಶ ಕಳಿಸಿದವನನ್ನು ಹುಡುಕು. ನಿನ್ನ ಮೊದಲ ಮೊಕದ್ದಮೆ ಅದೇ ಆಗಲಿ." ಹುಡುಕುತ್ತಿದ್ದೇನೆ. ಅಪರಾಧಿ ಊರು ಬಿಟ್ಟಿಲ್ಲ.

ನಿನ್ನ ಮಗುವಿಗೆ ಹಲ್ಲು ಸುಖವಾಗಿ ಬರಲಿ, ನಿಮ್ಮ ಸೇಬಿನ ಗಿಡಗಳು ಬೇರೂರಲಿ.

ನಿನ್ನ
ಡೊರಿ

ಮರೆತ ಮಾತು: ಪತ್ರ ಮಡಿಸುತ್ತಿದ್ದೆ. ಹಿಂದೆ ಕೆಮ್ಮು. ಬಿಟ್ಟ ಸಾಲು ಇದು.

ಆ ಆದೇಶ ಬರೆದವಳು ನಾನು. ಹೋದ ವರ್ಷ ಏಪ್ರಿಲ್ ಒಂದು, ಮೂರ್ಖರ ದಿನ. "ವಕೀಲಿ ಮಾಡಲು ಶ್ರೀಮತಿ ಥಾರ್ನ್ ಅವರ ಅರ್ಜಿ ಮಂಜೂರಾಗಿದೆ" ಎಂದು ನಿಮ್ಮಮ್ಮನ ಹೆಸರಿಗೆ ಫೆಲ್ಪ್ಸ್ ಕೈಬರಹದಲ್ಲೇ ಬರೆದು, ಅರಗಿನ ಮೇಲೆ ನನ್ನ ಕೋಟಿನ ಗುಂಡಿಯಿಂದ ಮುದ್ರೆ ಒತ್ತಿ ಮೇಜಿನ ಮೇಲಿಟ್ಟೆ. ಊಟದ ಹೊತ್ತಿಗೆ ಹೇಳಿ ನಗಿಸಬೇಕೆಂದಿದ್ದೆ. ಅವರು ಊಟಕ್ಕೆ ಕಾಯಲಿಲ್ಲ. ಟೋಪಿ ಹಾಕಿಕೊಂಡು ನೇರವಾಗಿ ಕೋರ್ಟಿಗೆ ನಡೆದರು. ನಾನು ಓಡಿ ತಲುಪುವಷ್ಟರಲ್ಲಿ ಇಡೀ ಕೋರ್ಟು ನಗುತ್ತಿತ್ತು.

"ಈ ಕಳ್ಳ ಕಾಗದ ಎಲ್ಲಿಂದ ಬಂತು?" ಎಂದು ಫೆಲ್ಪ್ಸ್ ಗುಡುಗಿದರು. ನಿಮ್ಮಮ್ಮ ಮುದ್ರೆ ನೋಡಿದರು. ಆಮೇಲೆ ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದ ನನ್ನ ಕೋಟನ್ನು ನೋಡಿದರು.

"ಅಂಚೆಯಲ್ಲಿ ಬಂತು, ಸ್ವಾಮಿ."

ಕಳ್ಳ ಕಾಗದ ತಂದರೆಂದು ಅವರ ಅರ್ಜಿ ಅಲ್ಲೇ ವಜಾ ಆಯಿತು. ನನ್ನ ಹೆಸರು ಹೇಳಿದ್ದರೆ ಅವರ ಅರ್ಜಿ ಉಳಿಯುತ್ತಿತ್ತು, ನನಗೆ ಆ ಬಾಗಿಲು ಎಂದೆಂದಿಗೂ ಮುಚ್ಚುತ್ತಿತ್ತು. ಆ ಕೋರ್ಟಿನಲ್ಲಿ ಅವರು ಜೀವಮಾನದಲ್ಲಿ ಆಡಿದ್ದು ಅದೊಂದೇ ಮಾತು, ಅಲ್ಮೈರಾ. ಅದೂ ಸುಳ್ಳು.

ನಿನ್ನ ಉತ್ತರ ಬರುವತನಕ ಸಹಿ ಹಾಕುವುದಿಲ್ಲ.