ಪಾಂಟಿಯಾಕ್‌ನ ಹಳೆಯ ಗಂಟಲು

ಏಪ್ರಿಲ್ 14, ಮಂಗಳವಾರ. ತ್ರುವಾ-ರಿವಿಯೆರ್.

ನನ್ನ ಹಳೆಯ ಪಾಂಟಿಯಾಕ್ ಕಾರಿನ ಸೈಲೆನ್ಸರ್ ತುಕ್ಕು ಹಿಡಿದು ಕಳಚಿ ಬಿದ್ದು ವಾರವಾಯಿತು. ಹೊಸದೇನೋ ಕೊಳ್ಳಬಹುದು, ಸದ್ದು ಬದಲಾಗಿಬಿಟ್ಟರೆ? ಚರ್ಚಿನ ತಿರುವಿನಲ್ಲಿ ಆ ಗುಡುಗುಡು ಕೇಳಿದರೆ ಸಾಕು, ನನ್ನ ಹೆಂಡತಿ ಜಿಸ್ಲೇನ್ ಸೂಪ್ ಬಿಸಿಗಿಡುತ್ತಿದ್ದಳು. ಅವಳು ಹೋದ ಮೇಲೂ ನನಗೆ ಆ ಸದ್ದೇ ಬೇಕು.

ಒಹಾಯೋದ ಬಿಡಿಭಾಗದ ಅಂಗಡಿಗೆ ಫೋನ್ ಮಾಡಿದೆ. ನಮ್ಮದು ಫ್ರೆಂಚ್ ಮಾತಾಡುವ ಊರು, ಕಾಲೇಜಿನ ಇಂಗ್ಲಿಷು ಅರ್ಧ ಮರೆತಿದೆ. ನೆನಪಿರುವ ಅರ್ಧದಲ್ಲಿ ಬರೀ ಹೂವು, ಹಕ್ಕಿಗಳ ಪದ್ಯ. ಹಳೆಯ ಸದ್ದೇ ಬೇಕು ಅಂತ ಹೇಗೋ ತಿಳಿಸಿದೆ.

"ಸ್ಟೇನ್‌ಲೆಸ್ ತಗೊಳ್ಳಿ ಯಜಮಾನ್ರೇ, ತುಕ್ಕೇ ಹಿಡಿಯಲ್ಲ. ಜೀವಮಾನ ಗ್ಯಾರಂಟಿ," ಅಂದ ಅಂಗಡಿಯ ಲೊವೆಲ್.

"ಯಾರ ಜೀವಮಾನದ್ದಪ್ಪಾ? ನನಗೆ ಎಂಬತ್ತು."

ನಕ್ಕ. "ತಾಳಿ, ಸ್ಟೇನ್‌ಲೆಸ್ಸು, ಸಾದಾ ಉಕ್ಕು, ಎರಡರ ಸದ್ದೂ ಕೇಳಿಸ್ತೀನಿ."

ಅವನ ಅಂಗಳದಲ್ಲೂ ಎರಡು ಪಾಂಟಿಯಾಕ್‌ಗಳಿವೆಯಂತೆ. ಫೋನನ್ನು ಹೊಗೆಕೊಳವೆಯ ಹತ್ತಿರ ಹಿಡಿದು ಒಂದೊಂದನ್ನೇ ಚಾಲೂ ಮಾಡಿದ. ನಾನು ಸ್ಪೀಕರ್ ಹಾಕಿದೆ. ಸ್ಟೇನ್‌ಲೆಸ್‌ನದು ತಗಡಿನ ಡಬ್ಬದ ಸದ್ದು. ಸಾದಾ ಉಕ್ಕಿನದು ಗುಡುಗುಡು ಅಂದದ್ದೇ ತಡ, ಒಲೆಯ ಮುಂದೆ ಮಲಗಿದ್ದ ನಮ್ಮ ಮುದಿ ನಾಯಿ ಬಿಜು ಎದ್ದು, ಬಾಲ ಅಲ್ಲಾಡಿಸುತ್ತ ಬಾಗಿಲಿಗೆ ಹೋಗಿ ನಿಂತ.

"ಲೋ, ನಾನು ಇಲ್ಲೇ ಇದೀನಲ್ಲೋ," ಅಂದೆ. ತಿರುಗಿಯೂ ನೋಡಲಿಲ್ಲ.

ತುಕ್ಕು ಹಿಡಿಯುವುದನ್ನೇ ಕಳಿಸು ಅಂದೆ ಲೊವೆಲ್‌ಗೆ.

ಬಿಜು ಇನ್ನೂ ಬಾಗಿಲಲ್ಲೇ ಕೂತಿದ್ದಾನೆ, ನಾನು ಬರಲಿ ಅಂತ. ಒಂದು ಸಲ ಹೊರಗೆ ಹೋಗಿ ಒಳಗೆ ಬರುತ್ತೇನೆ, ಪಾಪ.