ಚೆಲ್ಲಿದ ಸೂಪ್

ಜೂನ್ 9
ಬೆಳಗ್ಗೆಯಿಂದ ಜಡೆ, ಜಡೆ, ಜಡೆ. ಹೊಟ್ಟೆ ಕುರ್ಚಿಗೆ ತಾಗುತ್ತದೆ, ಕೈ ಗಿರಾಕಿಯ ತಲೆಗೆ ಎಟುಕುವುದಿಲ್ಲ. ಸಲೂನಿನ ಟೀವಿಯಲ್ಲಿ ಹಾಡಿನ ಮೇಲೆ ಹಾಡು. ಮ್ಯಾಗಜೀನಿನ ಚಿತ್ರದ ಮೇಲೆ ಬೆರಳಿಟ್ಟು "ಇವಳ ಥರ ಮಾಡು" ಅನ್ನುತ್ತಾರೆ. ಇವಳ ಮುಖ ಎಲ್ಲಿಂದ ತರಲಿ? ಕೇಳುವುದಿಲ್ಲ, ಮಾಡಿಕೊಡುತ್ತೇನೆ. ಹೋಗುವಾಗ ಅವರ ನಡಿಗೆಯೂ ಸ್ವಲ್ಪ ಅವಳದೇ ಆಗಿರುತ್ತದೆ... ತಮಾಷೆ.

ಸಂಜೆ ಅತ್ತೆ ಬಂದರು. ಬೀದಿ ತುದಿಯಿಂದಲೇ ಧ್ವನಿ. ಕುಮಾಸಿ ಮಾರ್ಕೆಟ್ಟಿನ ಗದ್ದಲದಲ್ಲಿ ಹೊಗೆಮೀನು ಮಾರಿ ಪಳಗಿದ ಗಂಟಲು.

"ಬಿರಾಗೊ! ಈ ವಾರ ಹಾಡು ಬರುತ್ತಂತೆ ಕಣೇ! ಟೀವೀಲಿ ನಾನು!"

ಮೀನು ಕೊಳ್ಳಲು ಬಂದ, ಹಾಡಿನ ವಿಡಿಯೋ ಮಾಡುವ ಡೈರೆಕ್ಟರ್ ಹುಡುಗ, ಅತ್ತೆ ಮೂಟೆ ಹೊರುವವನಿಗೆ ಬೈಯುವುದನ್ನು ಕೇಳಿ ಅಲ್ಲೇ ಆರಿಸಿಕೊಂಡನಂತೆ. ಪಾತ್ರ — ಕೆಟ್ಟ ಅತ್ತೆ. ಬಸುರಿ ಸೊಸೆ ಮಾಡಿದ ಸೂಪನ್ನು ಅಂಗಳಕ್ಕೆ ಚೆಲ್ಲಬೇಕು.

"ಚೆಲ್ಲಲ್ಲ ಅಂದೆ. ತಾಳೆಹಣ್ಣಿನ ಸೂಪು, ಒಳ್ಳೇ ಏಡಿ ಬೇರೆ ಹಾಕಿದ್ರು. ಮಣ್ಣಿಗೆ ಸುರಿಯೋಕೆ ನನಗೇನು ತಲೆ ಕೆಟ್ಟಿದ್ಯಾ? ಕೊನೆಗೆ ನೀರಿಗೆ ಕೆಂಪು ಬಣ್ಣ ಕಲಸಿ ಕೊಟ್ರು. ಸೂಪು ಎಲ್ಲ ಕೂತು ತಿಂದ್ವಿ. ಸೊಸೆ ಪಾತ್ರದ ಆ ಅಳೋ ಹುಡುಗೀಗೆ ಎರಡು ಸಲ ಬಡಿಸ್ದೆ. ಕಡ್ಡಿ ಥರ ಇದ್ದಾಳೆ, ಪಾಪ."

ನಕ್ಕು ನಕ್ಕು ಹೊಟ್ಟೆಯೊಳಗಿನದೂ ಒದೆಯಿತು.

ಜೂನ್ 22
ಎಲ್ಲೆಲ್ಲೂ ಅದೇ ಹಾಡು. ಟ್ರೊಟ್ರೊ ವ್ಯಾನಿನಲ್ಲಿ, ಚರ್ಚಿನ ಹೊರಗೆ, ಎಲ್ಲರ ಫೋನಿನಲ್ಲಿ. ಅತ್ತೆ ನಿಜಕ್ಕೂ ಭಯಂಕರ! ಕಣ್ಣು ನೋಡಬೇಕು.

ಹೊಸ ಜಡೆಯೊಂದು ಹುಟ್ಟಿದೆ. ಹೆಸರು "ಅಳುವ ಸೊಸೆ". ಎರಡೂ ಕಡೆ ಸಣ್ಣ ಹೆಣಿಗೆ, ಕೆನ್ನೆಯ ಮೇಲೆ ಇಳಿಬಿದ್ದ ಒಂದೆಳೆ. ಎಲ್ಲರಿಗೂ ಅದೇ ಬೇಕು. ಸುಖವಾಗಿ ಸಂಸಾರ ಮಾಡುವವರಿಗೂ.

ವ್ಯಾನಿನಲ್ಲಿ ನಮ್ಮ ಬೀದಿಯವಳೊಬ್ಬಳು ನನ್ನನ್ನು ತೋರಿಸಿದ್ದೇ ತಡ, ಗುರುತಿಲ್ಲದವರು ಎದ್ದು ಸೀಟು ಕೊಟ್ಟರು. "ನಿಜವಾದ ಸೊಸೆ ಇವಳೇ ಕಣ್ರೀ. ಹೇಗೆ ತಡ್ಕೋತಾಳೋ!" ಹಾಗೇನೂ ಇಲ್ಲ ಅನ್ನಬೇಕಿತ್ತು. ಕಾಲು ಊದಿತ್ತು... ಕೂತುಬಿಟ್ಟೆ.

ಜುಲೈ 6
ಪಕ್ಕದ ಮನೆಯ ಆಂಟಿ ಕೊನಾಡು, ನಮ್ಮತ್ತೆಯ ಬಳಿ ಮೀನು ಕೊಳ್ಳುವುದನ್ನು ಬಿಟ್ಟಿದ್ದಾಳೆ. "ಆ ಕೈಯಿಂದ ಬಂದಿದ್ದು ಗಂಟಲಲ್ಲಿ ಇಳಿಯಲ್ಲಮ್ಮ." ಮಾತಾಡುವಾಗ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾಳೆ, ಹಾಡಿನ ಹುಡುಗಿಯ ಹಾಗೆಯೇ. ಇವಳ ಅತ್ತೆ ಇವಳಿಗೆ ಮದುವೆಯಾಗುವ ಮೊದಲೇ ಹೋದವರು!

ಜುಲೈ 19
ಮ್ಯಾಗಜೀನಿನ ಹುಡುಗಿ ಕ್ಯಾಮೆರಾ ಹಿಡಿದು ಸಲೂನಿಗೇ ಬಂದಳು.

"ಸ್ವಲ್ಪ ಅತ್ತಂಗೆ ಕೂತ್ಕೊಳ್ಳಿ ಅಕ್ಕಾ. ಹಿಂದೆ ನಿಮ್ಮತ್ತೆ ಸೌಟು ಎತ್ಕೊಂಡು ನಿಲ್ಲಲಿ."

"ಹೆತ್ತಮ್ಮ ಹೋದಾಗ ನಾನಿನ್ನೂ ಚಿಕ್ಕೋಳು. ಈ ಸಲೂನಿನ ಮೊದಲನೇ ಕುರ್ಚಿ ತಂದುಕೊಟ್ಟಿದ್ದು ಅತ್ತೇನೇ. ಅದನ್ನ ಬರ್ಕೊಳ್ಳಿ."

"ಅದನ್ನ ಯಾರು ಓದ್ತಾರಕ್ಕಾ?"

ಕಳಿಸಿಬಿಟ್ಟೆ. ತಿರುಗಿದರೆ ಕನ್ನಡಿ. ನನ್ನ ಕೈ ತಲೆವಸ್ತ್ರದ ತುದಿಯಲ್ಲಿ! ಯಾವಾಗ ಕಲಿತೆ ಇದನ್ನು?

ಜುಲೈ 28
ಮಾರ್ಕೆಟ್ಟಿಗೆ ಹೋಗಿದ್ದೆ. ಅತ್ತೆಯ ಅಂಗಡಿ ಪತ್ತೆಯಾಗಲು ಹೊತ್ತು ಹಿಡಿಯಿತು. ಮೊದಲೆಲ್ಲ ಧ್ವನಿ ಹಿಡಿದು ಹೋದರೆ ಸಾಕಿತ್ತು. ಈಗ ಪಿಸುಮಾತಿನಲ್ಲಿ ವ್ಯಾಪಾರ. ಬಂದವರಿಗೆಲ್ಲ ಹಲ್ಲು ತೋರಿಸಿ ನಗುತ್ತಾರೆ, ಫೋಟೋಕ್ಕೆ ನಿಂತವರಂತೆ.

"ಯಾಕಮ್ಮ ಹೀಗೆ?"

"ಗಂಟಲು ಎತ್ತಿದ್ರೆ ಎಲ್ಲ ಫೋನು ತೆಗೀತಾರೆ ಕಣೇ. ಚೆಲ್ಲು ಅಜ್ಜಿ, ಚೆಲ್ಲು ಅಂತಾರೆ."

ಬೈಯಿರಿ ಅಮ್ಮಾ, ನನಗಾದರೂ ಬೈಯಿರಿ, ಅಂದೆ. ಮೆಲ್ಲಗೆ ನಕ್ಕರು. ಆ ನಗು ನನಗೆ ಬೇಡ. ನಮ್ಮ ಅತ್ತೆ ನಮಗೆ ವಾಪಸ್ ಬೇಕು.

ಆಗಸ್ಟ್ 11
ಹೆಣ್ಣು ಮಗು. ಶುಕ್ರವಾರ ಹುಟ್ಟಿದ್ದು, ಹಾಗಾಗಿ ಹುಟ್ಟಿದ ವಾರದ ಹೆಸರು ಅಫಿಯಾ. ಅದರ ಮುಂದೆ ಸೇರುವ ಹೆಸರು ಬರುವ ಶುಕ್ರವಾರ ಇಡಬೇಕು.

ಅತ್ತೆ ಇಲ್ಲೇ ಇದ್ದಾರೆ. ಕುದಿವ ನೀರಲ್ಲಿ ಟವೆಲ್ ಅದ್ದಿ ಹೊಟ್ಟೆಗೆ ಒತ್ತುತ್ತಾರೆ. ಅವರ ಬೆರಳು ಕೆಂಪಗೆ ಬೆಂದಿವೆ. ಮೂರು ಹೊತ್ತೂ ತಾಳೆಹಣ್ಣಿನ ಸೂಪ್, ಅದರಲ್ಲಿ ಅದ್ದಿ ನುಂಗಲು ಫುಫು ಮುದ್ದೆ. ಅಮ್ಮನಿಲ್ಲದವಳಿಗೆ ಇಷ್ಟು ಸಿಕ್ಕಿತಲ್ಲ. ದೇವರೇ, ಯಾವ ಪುಣ್ಯಕ್ಕೆ ಕೊಟ್ಟೆ ಇವರನ್ನು?

ಗಂಡ ಬೋಟೆಂಗ್‌ಗೆ ತನ್ನ ತಾಯಿಯ ಹೆಸರೇ ಇಡುವ ಆಸೆ — ದುಫಿಯೆ. ನನಗೂ. ಮಗು ನೋಡಲು ಬಂದ ಕೊನಾಡು ಗಲ್ಲಕ್ಕೆ ಕೈಯಿಟ್ಟಳು. "ಯಾರ ಹೆಸರಿಡ್ತೀರೋ ಅವರ ಗುಣ ಬರುತ್ತೆ. ನೋಡ್ಕೊಳ್ಳಿ. ಊರೆಲ್ಲ ಆ ಹಾಡು ನೋಡಿದೆ."

ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಬಿಸಿನೀರು.

"ನಿಜ ಬೋಟೆಂಗ್. ನನ್ನ ಹೆಸರು ಬೇಡಪ್ಪ. ಸ್ಕೂಲಲ್ಲಿ ಆಡ್ಕೋತಾರೆ. ಶುಕ್ರವಾರ ನಾನು ಅಡುಗೆಮನೇಲೇ ಇರ್ತೀನಿ."

ಬೋಟೆಂಗ್ ತಲೆ ತಗ್ಗಿಸಿದ.

ಆಗಸ್ಟ್ 15, ಶುಕ್ರವಾರ
ಬೆಳಕು ಹರಿಯುವಾಗಲೇ ಎಲ್ಲ ಅಂಗಳದಲ್ಲಿ, ಬಿಳಿ ಬಟ್ಟೆಯಲ್ಲಿ. ಅತ್ತೆ ಹೇಳಿದಂತೆಯೇ ಒಳಗೆ. ಬೋಟೆಂಗ್‌ನ ದೊಡ್ಡಪ್ಪ ಅಡುಸೇ ಮಗುವನ್ನು ಮಡಿಲಿಗೆ ತೆಗೆದುಕೊಂಡರು. ಬೆರಳು ನೀರಿಗೆ ಅದ್ದಿ ನಾಲಿಗೆಗೆ. ಮತ್ತೆ ಹೆಂಡಕ್ಕೆ ಅದ್ದಿ ನಾಲಿಗೆಗೆ. ಕೂಸು ಮುಖ ಕಿವುಚಿತು.

"ನೀರಾದ್ರೆ ನೀರೇ ಅನ್ನು ಕೂಸೇ. ಹೆಂಡ ಆದ್ರೆ ಹೆಂಡಾನೇ ಅನ್ನು. ಹೆಸರೇನಪ್ಪ ಬೋಟೆಂಗ್?"

ಬೋಟೆಂಗ್ ನನ್ನ ಮುಖ ನೋಡಿದ. ಬಾಣಂತಿ ನಡುವೆ ಮಾತಾಡಬಾರದು. ಮಾತಾಡಿದೆ.

"ದೊಡ್ಡಪ್ಪಾ, ಆ ಹಾಡಲ್ಲಿ ಚೆಲ್ಲಿದ್ದೂ ನೀರೇ."

ಎಲ್ಲ ನನ್ನತ್ತ ತಿರುಗಿದರು. ನಾನು ನಿಲ್ಲಿಸಲಿಲ್ಲ.

"ಬಣ್ಣದ ನೀರು. ಸೂಪು ಚೆಲ್ಲೋಕೆ ಅಮ್ಮ ಒಪ್ಪಲಿಲ್ಲ. ಆ ಅಳೋ ಹುಡುಗೀಗೇ ಬಡಿಸಿದ್ರು. ಈಗ ದಿನಾ ನನಗೆ ಬಡಿಸ್ತಿದ್ದಾರೆ. ನೀರನ್ನ ನೀರು ಅನ್ನೋಕೆ ಮಗೂಗೆ ಹೇಳಿಕೊಡ್ತೀರಿ. ಮೊದಲು ನಾವು ಅನ್ನೋಣ."

ದೊಡ್ಡಪ್ಪ ಅಡುಗೆಮನೆಯ ಕಡೆಗೆ ತಿರುಗಿ ಕೂಗಿದರು. "ದುಫಿಯೆ! ಒಳಗೇನು ಮಾಡ್ತಿದ್ದೀಯಾ? ಬಾ, ನಿನ್ನ ಹೆಸರಿನೋಳನ್ನ ಎತ್ಕೋ."

ಸೌಟು ಹಿಡಿದೇ ಬಂದರು. ಸೌಟು ಎಲ್ಲಿಡಬೇಕೆಂದು ತಿಳಿಯದೆ ಕೊನಾಡುವಿನ ಕೈಗೆ ಕೊಟ್ಟರು. ಅವಳೂ ಹಿಡಿದುಕೊಂಡಳು. ಅಫಿಯಾ ದುಫಿಯೆ ಅಜ್ಜಿಯ ಎದೆಗೆ ಒರಗಿದಳು. ನಾನು ಅತ್ತುಬಿಟ್ಟೆ, ತಲೆವಸ್ತ್ರ ಮುಟ್ಟದೆ, ಮೂಗು ಸೋರಿಸಿಕೊಂಡು, ನನ್ನದೇ ಅಳು.

ಸಂಜೆ
ನೆಂಟರು ಹೋಗಿಲ್ಲ. ಕೊನಾಡು ಎರಡನೇ ಬಟ್ಟಲು ಕೇಳಿದಳಂತೆ. ಮಗು ನಿದ್ದೆ ಮಾಡುತ್ತಿದೆ. ನನಗೆ ಸಿಕ್ಕಿದ್ದನ್ನೆಲ್ಲ ಒಂದೊಂದಾಗಿ ಬರೆದಿಡಬೇಕು. ಮೊದಲನೆಯದು ಆ ಕುರ್ಚಿ. ಆಮೇಲೆ ಅತ್ತೆಯ ಬೆಂದ ಬೆರಳು. ಆಮೇಲೆ —

ಅಂಗಳದಿಂದ ಕೂಗು. ಹಳೇ ಗಂಟಲು, ಮಾರ್ಕೆಟ್ಟಿನ ಗಂಟಲು!

"ಲೇ ಬಿರಾಗೊ! ಸೂಪು ಆರ್ತಾ ಇದೆ! ಬರ್ತೀಯೋ, ಅಂಗಳಕ್ಕೆ ಚೆಲ್ಲಲೋ?"

ಬೀದಿಗೆ ಬೀದಿಯೇ ನಗುತ್ತಿದೆ. ಬಂದೆ ಅಮ್ಮಾ, ಇದೊಂದು ಸಾಲು ಬರೆದು